ಆಟಕ್ಕೂ ಒಂದು ಗಂಟೆ ಇರಲಿ

ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದಂಥ ಬಯಲುಸೀಮೆಯ ಹೋಬಳಿಗಳಲ್ಲಿ ಹಿಂದೆ ಮಕ್ಕಳಿಗೆ ವ್ಯಾಯಾಮವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಶಾಲೆಗೆ ನಡಿಗೆ, ಬಾವಿಯಿಂದ ನೀರು, ಕುರಿಗಳ ಹಿಂದೆ ಓಟ, ಹೊಲದಲ್ಲಿ ಕಡಲೆಕಾಯಿ ಕೀಳುವ ಕೆಲಸ, ಸಂಜೆ ಚಿನ್ನಿದಾಂಡು, ಕುಂಟೆಬಿಲ್ಲೆ. ಮೈ ತಾನಾಗಿಯೇ ದಣಿಯುತ್ತಿತ್ತು. ಈಗ ನಲ್ಲಿ ಬಂದಿದೆ, ಬಸ್ಸು, ಬೈಕುಗಳಿವೆ. ಆ ಕಷ್ಟ ಮತ್ತೆ ಬರಲೆಂದು ಯಾರೂ ಬಯಸರು. ಆದರೆ ಕಷ್ಟದ ಜೊತೆಗೇ ವ್ಯಾಯಾಮವೂ ಹೊರಟುಹೋಯಿತು.

ಮೂಳೆ ಜೀವಂತ ಅಂಗಾಂಶ. ಓಡಿದಾಗ, ಜಿಗಿದಾಗ ಬೀಳುವ ಒತ್ತಡದಿಂದ ಅದು ಹೆಚ್ಚು ಕ್ಯಾಲ್ಸಿಯಂ ತುಂಬಿಕೊಂಡು ಗಟ್ಟಿಯಾಗುತ್ತದೆ. ಈ ಠೇವಣಿಯ ಬಹುಪಾಲು ಜಮೆಯಾಗುವುದು ಹದಿಹರೆಯ ಮುಗಿಯುವುದರೊಳಗೆ. ಅದೇ ವಯಸ್ಸಿನಲ್ಲಿ ಹುಡುಗಿಯರಿಗೆ ‘ದೊಡ್ಡವಳಾದೆ, ಇನ್ನು ಆಟ ಸಾಕು’ ಎನ್ನುವುದುಂಟು. ಹತ್ತನೇ ತರಗತಿಯ ಆಟದ ಪೀರಿಯಡ್ಡು ಗಣಿತಕ್ಕೆ ಹೋಗುವುದೂ ಉಂಟು.

ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2019ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, 2016ರಲ್ಲಿ ಜಗತ್ತಿನ 11ರಿಂದ 17 ವರ್ಷದ ಶಾಲಾ ಮಕ್ಕಳಲ್ಲಿ ಶೇ. 81 ಮಂದಿಗೆ ದೈಹಿಕ ಚಟುವಟಿಕೆ ಸಾಲದಾಗಿತ್ತು. ಹುಡುಗಿಯರಲ್ಲಿ ಇದು ಶೇ. 85. ಈ ವಯಸ್ಸಿಗೆ ದಿನಕ್ಕೆ ಸರಾಸರಿ 60 ನಿಮಿಷ ಬೇಕೆನ್ನುತ್ತದೆ ಸಂಸ್ಥೆಯ 2020ರ ಮಾರ್ಗಸೂಚಿ.

ಇದಕ್ಕೆ ದುಡ್ಡು ಬೇಕಿಲ್ಲ. ಸೈಕಲ್ಲು, ಸ್ಕಿಪ್ಪಿಂಗ್ ಹಗ್ಗ, ಕಬಡ್ಡಿ, ಖೋಖೋ ಸಾಕು. ಗೋಡೆಗೆ ಅಂಟಿಸುವ ಓದಿನ ವೇಳಾಪಟ್ಟಿಯಲ್ಲಿ ಸಂಜೆಯ ಒಂದು ಗಂಟೆಯನ್ನು ತಂದೆತಾಯಂದಿರು ಆಟಕ್ಕೆಂದೇ ಬರೆದಿಡಲಿ. ಮಗಳ ಪಟ್ಟಿಯಲ್ಲಂತೂ ಅದು ತಪ್ಪದಿರಲಿ.