ಓದದೆ ಸಹಿ ಹಾಕದ ಲಾರಾ

ಮಧ್ಯಾಹ್ನದ ಪಾತ್ರೆ ತೊಳೆದಿಟ್ಟ ಮೇಲೆ, ಸಂಜೆ ಕಾಫಿಗೆ ಹಾಲಿಡುವವರೆಗಿನ ಎರಡು ಗಂಟೆ ನನ್ನದೇ. ಕಳೆದ ತಿಂಗಳು ಆ ಹೊತ್ತನ್ನೆಲ್ಲ ನುಂಗಿದ್ದು, ಬಿ.ಎ. ಓದುವಾಗ ಅರ್ಧಕ್ಕೇ ಬಿಟ್ಟಿದ್ದ ಒಂದು ದಪ್ಪ ಇಂಗ್ಲಿಷ್ ಕಾದಂಬರಿ: ವಿಲ್ಕಿ ಕಾಲಿನ್ಸರ 'ದಿ ವುಮನ್ ಇನ್ ವೈಟ್'.

1859ರ ನವೆಂಬರಿನಿಂದ 1860ರ ಆಗಸ್ಟ್‌ವರೆಗೆ ಇದು ಚಾರ್ಲ್ಸ್ ಡಿಕನ್ಸರ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ನಮ್ಮ ಅಮ್ಮ 'ಸುಧಾ' ಬರುವ ದಿನ ಬಾಗಿಲಲ್ಲೇ ನಿಂತಿರುತ್ತಿದ್ದಂತೆ ಅಲ್ಲಿಯ ಓದುಗರೂ ಪ್ರತಿ ವಾರ ಕಾದಿರಬೇಕು.

ಕಥೆ ಇಷ್ಟು. ಬ್ಯಾರೊನೆಟ್ ಪದವಿಯ ಸರ್ ಪರ್ಸಿವಲ್ ಗ್ಲೈಡ್‌ಗೆ ದೊಡ್ಡ ಬಂಗಲೆ, ನಯವಾದ ಮಾತು, ತಲೆಯ ಮೇಲೆ ಸಾಲ. ಅನಾಥೆ ಲಾರಾಳನ್ನು ಅವನು ಮದುವೆಯಾಗುವುದು ಅವಳ 20,000 ಪೌಂಡಿಗಾಗಿ. ಅವಳು ಮಕ್ಕಳಿಲ್ಲದೆ ಸತ್ತರೆ ಹಣವೆಲ್ಲ ಅವನಿಗೇ. ಗೆಳೆಯ ಕೌಂಟ್ ಫಾಸ್ಕೊನ ಹೆಂಡತಿಗೂ ಆಗ 10,000 ಪೌಂಡ್ ಸಿಗಬೇಕು. ಲಾರಾಳಂತೆಯೇ ಕಾಣುವ, ಬಿಳಿ ಬಟ್ಟೆಯ ರೋಗಿಷ್ಠ ಹೆಣ್ಣೊಬ್ಬಳು ಸಾಯುತ್ತಾಳೆ. ಸತ್ತವಳು ಲಾರಾ ಎಂದು ಸಮಾಧಿ ಮಾಡಿ, ಜೀವಂತ ಲಾರಾಳನ್ನು ಆ ಹೆಣ್ಣಿನ ಹೆಸರಿನಲ್ಲಿ ಹುಚ್ಚಾಸ್ಪತ್ರೆಗೆ ತಳ್ಳುತ್ತಾರೆ!

ಬಿಳಿ ಇಲಿಗಳನ್ನು ಮುದ್ದಿಸುವ ಆ ದಢೂತಿ ಫಾಸ್ಕೊನನ್ನು ಕಂಡರೆ ಈಗಲೂ ಮೈ ಜುಮ್ಮೆನ್ನುತ್ತದೆ. ಆದರೆ ಈ ಸಲ ನನಗೆ ಹೆಚ್ಚು ಸಿಟ್ಟು ಬಂದಿದ್ದು ಲಾರಾಳ ಚಿಕ್ಕಪ್ಪನ ಮೇಲೆ. ಮದುವೆ ಕರಾರಿನ ಈ ಷರತ್ತು ಬೇಡವೆಂದು ಮುದುಕ ವಕೀಲರು ಅಂಗಲಾಚುತ್ತಾರೆ. ಆ ಮಹಾಶಯನಿಗೆ ತನ್ನ ನರಗಳದ್ದೇ ಚಿಂತೆ. ತೊಂದರೆ ಕೊಡಬೇಡಿ, ಮುಗಿಸಿಬಿಡಿ ಎನ್ನುತ್ತಾನೆ. ಖಳನಿಗೆ ಬಾಗಿಲು ತೆರೆದುಕೊಟ್ಟಿದ್ದು ಆ ಸೋಮಾರಿತನ.

ಇನ್ನೊಂದು ಕಡೆ, ಪರ್ಸಿವಲ್ ಕಾಗದವೊಂದನ್ನು ಮಡಿಸಿ ಸಹಿಯ ಜಾಗ ಮಾತ್ರ ತೋರಿಸಿ "ಹಾಕು" ಎನ್ನುತ್ತಾನೆ. ಮೆತ್ತಗಿನ ಲಾರಾ, ಏನಿದೆಯೆಂದು ತಿಳಿಯದೆ ಹಾಕಲಾರೆ ಎನ್ನುತ್ತಾಳೆ. ಅವನು ಎಷ್ಟು ಕೂಗಾಡಿದರೂ ಜಗ್ಗುವುದಿಲ್ಲ. ಹೆಂಡತಿಯ ಆಸ್ತಿ ಹೆಂಡತಿಯದೇ ಎಂದು ಇಂಗ್ಲೆಂಡಿನ ಕಾನೂನು ಪೂರ್ತಿಯಾಗಿ ಒಪ್ಪಿದ್ದು 1882ರಲ್ಲಿ. ಅದಕ್ಕೆ ಇಪ್ಪತ್ತು ವರ್ಷ ಮೊದಲೇ ಬಂದ ಹೆಣ್ಣು ಇವಳು.

ಅಲ್ಲಿಗೆ ಪುಸ್ತಕ ಮುಚ್ಚಿದೆ. ಮದುವೆಯಾಗಿ ಮುಂಬಯಿಗೆ ಬಂದಾಗಿನಿಂದ ನಾನೆಷ್ಟು ಸಹಿ ಹಾಕಿದ್ದೇನೆ! ಕುಕ್ಕರ್ ಕೂಗುತ್ತಿರುವಾಗ ಕಾಗದ ಬರುತ್ತದೆ, "ಇಲ್ಲಿ, ಮತ್ತೆ ಇಲ್ಲಿ" ಎಂದು ಬೆರಳು ತೋರಿಸುತ್ತದೆ. ಒದ್ದೆ ಕೈ ಸೆರಗಿಗೆ ಒರೆಸಿ ಹಾಕಿದ್ದೇ. ನಮ್ಮವರು ಪರ್ಸಿವಲ್ ಅಲ್ಲ, ದೇವರಾಣೆ. ನಾನೇ ಆ ಚಿಕ್ಕಪ್ಪನಂತಾಗಿದ್ದೆ.

ಮರುವಾರ ಮತ್ತೊಂದು ಕಾಗದ ಬಂದಾಗ, "ಓದಿ ಹಾಕುತ್ತೇನೆ" ಎಂದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ಕುರ್ಚಿ ಎಳೆದುಕೊಂಡು ಹಳೆಯ ಫೈಲುಗಳನ್ನೂ ತಂದಿಟ್ಟರು. ಒಂದು ಠೇವಣಿಯ ನಾಮಿನಿ ಜಾಗದಲ್ಲಿ, ತೀರಿಕೊಂಡು ಹತ್ತು ವರ್ಷವಾದ ನಮ್ಮ ಅತ್ತೆಯವರ ಹೆಸರೇ ಇತ್ತು! ಇಬ್ಬರಿಗೂ ಮಾತು ಹೊರಡಲಿಲ್ಲ. ಈಗ ಸರಿಪಡಿಸಿದ್ದೇವೆ.

ಕೊನೆಗೆ ದುಷ್ಟರ ಗತಿ ಏನಾಯಿತು, ಪರ್ಸಿವಲ್ ಬಚ್ಚಿಟ್ಟಿದ್ದ ಗುಟ್ಟೇನು ಎಂಬುದನ್ನು ನಾನು ಹೇಳುವುದಿಲ್ಲ. ಪುಸ್ತಕ ಸಿಕ್ಕರೆ ಓದಿ. ಅದಕ್ಕೂ ಮೊದಲು, ಸೋದರಿಯರೇ, ಬೀರುವಿನಲ್ಲಿರುವ ನಿಮ್ಮ ಕಾಗದಗಳನ್ನು ಓದಿ.