ಇಂಗ್ಲೆಂಡಿನ ಹಳ್ಳಿಯ ಪಾನಗೃಹ: ಒಂದು ವಾಸ್ತು ಪರಿಚಯ

'ಪಬ್' ಎಂಬುದು 'ಪಬ್ಲಿಕ್ ಹೌಸ್' ಎಂಬುದರ ಸಂಕ್ಷೇಪ. ಊರವರಿಗೆಲ್ಲ ಬಾಗಿಲು ತೆರೆದ ಮನೆಯೆಂದು ಅದರ ಅರ್ಥ. ಈ ಹೆಸರಿನಲ್ಲಿಯೇ ಅದರ ವಾಸ್ತುವಿನ ಮೂಲವೂ ಅಡಗಿದೆ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಗೃಹಿಣಿಯರು ಮನೆಯ ಬಳಕೆಗೆಂದು ಬಾರ್ಲಿಯ ಮದ್ಯವನ್ನು ತಯಾರಿಸಿ, ಮಿಕ್ಕುದನ್ನು ನೆರೆಯವರಿಗೆ ಮಾರುತ್ತಿದ್ದರು. ಬಾಗಿಲ ಮುಂದೆ ಕಟ್ಟಿದ ಸೊಪ್ಪಿನ ಕಂತೆಯೇ ಮಾರಾಟದ ಗುರುತು. 1393ರಲ್ಲಿ, ಎರಡನೆಯ ರಿಚರ್ಡನ ಆಳ್ವಿಕೆಯಲ್ಲಿ, ಇಂಥ ಗುರುತನ್ನು ತೂಗಹಾಕುವುದು ಕಡ್ಡಾಯವಾಯಿತು.

ಆದುದರಿಂದ ಹಳೆಯ ಪಾನಗೃಹದ ರಚನೆ ರೈತನ ಮನೆಯ ರಚನೆಯೇ ಆಗಿದೆ. ಓಕ್ ಮರದ ಚೌಕಟ್ಟು, ನಡುವೆ ನಮ್ಮ ತಡಿಕೆಗೋಡೆಯಂತೆ ಕಡ್ಡಿ ಹೆಣೆದು ಮಣ್ಣು ಮೆತ್ತಿದ ಗೋಡೆ, ಮೇಲೆ ಹುಲ್ಲಿನ ಹೊದಿಕೆ. ಮೊದಲು ನಡುಮನೆಯಲ್ಲಿ ತೆರೆದ ಬೆಂಕಿ ಉರಿಯುತ್ತಿತ್ತು. ಹೊಗೆ ಚಾವಣಿಯ ಸಂದಿನಿಂದ ಹೊರಹೋಗುತ್ತಿತ್ತು. ಹದಿನಾರು, ಹದಿನೇಳನೆಯ ಶತಮಾನಗಳಲ್ಲಿ ಇಟ್ಟಿಗೆಯ ಚಿಮಣಿ ಬಂದ ಮೇಲೆ ನಡುಮನೆಯ ಮೇಲೆ ಮಾಳಿಗೆಯನ್ನು ಕೂಡಿಸಲು ಸಾಧ್ಯವಾಯಿತು. ಇಂದಿಗೂ ಮಾಳಿಗೆಯ ಮೇಲಣ ತೊಲೆಗಳಲ್ಲಿ ಮಸಿ ಕಂಡುಬಂದರೆ, ಆ ಮನೆ ಚಿಮಣಿಗಿಂತ ಹಳೆಯದೆಂದು ತಜ್ಞರು ನಿರ್ಣಯಿಸುತ್ತಾರೆ. ಮಾರಾಟದ ಕಟ್ಟೆಯೂ, ಕೂಲಿಕಾರರನ್ನೂ ಉಳ್ಳವರನ್ನೂ ಬೇರ್ಪಡಿಸುವ ಅಡ್ಡಗೋಡೆಗಳೂ ಹತ್ತೊಂಬತ್ತನೆಯ ಶತಮಾನದಲ್ಲಿ ಹರಡಿದುವು.

ಈ ಸಂಪ್ರದಾಯದ ಒಂದು ಎಳೆ ಬೆಂಗಳೂರಿಗೂ ಬಂದಿತು. 1882ರಲ್ಲಿ ಹತ್ತನೆಯ ಚಾಮರಾಜ ಒಡೆಯರು ಆಂಗ್ಲೋ-ಇಂಡಿಯನ್ನರ ಸಂಘಕ್ಕೆ ನೀಡಿದ ಭೂಮಿಯಲ್ಲಿ ವೈಟ್‌ಫೀಲ್ಡ್ ನೆಲಸಿತು. ನಡುವೆ ವರ್ತುಲಾಕಾರದ ಬಯಲು, ಸುತ್ತ ಮನೆಗಳು, ಪ್ರಯಾಣಿಕರಿಗೆ 'ವೇವರ್ಲಿ ಇನ್' ಎಂಬ ತಂಗುಮನೆ: ಆಂಗ್ಲ ಹಳ್ಳಿಯ ಕಲ್ಪನೆ ಇಲ್ಲಿ ಸ್ಪಷ್ಟವಾಗಿದೆ. ಆದರೆ ನಮ್ಮ ಹವೆಯಲ್ಲಿ ಅಗ್ಗಿಷ್ಟಿಕೆಗೆ ಆ ಪ್ರಾಧಾನ್ಯವಿಲ್ಲ. ವಸಾಹತುಕಾಲದ ಬೆಂಗಳೂರಿನ ಬಂಗಲೆಗಳಲ್ಲಿ ಜನ ಕಲೆಯುತ್ತಿದ್ದುದು ವೆರಾಂಡದಲ್ಲಿ. ಸಾರಕ್ಕಿಯಂತೆ ನಗರದೊಳಗೆ ಸೇರಿಹೋದ ಹಳ್ಳಿಗಳಲ್ಲಿ ಮನೆಗೂ ಬೀದಿಗೂ ನಡುವಣ ಜಗಲಿ ನಿರ್ವಹಿಸಿದ ಕಾರ್ಯವೂ ಇದಕ್ಕೆ ಸಮೀಪವಾದುದೇ.

ಕೋಟೆ ದೇವಾಲಯಗಳಿಗಿರುವಂತೆ ಇಂಥ ಮನೆಗಳಿಗೆ ಶಾಸನಗಳಿಲ್ಲ. ತೊಲೆಯ ಮಸಿ, ಗೋಡೆಯ ಸೇರುವೆ, ಜಗಲಿಯ ಅಗಲ, ಇವೇ ಅವುಗಳ ದಾಖಲೆ. ಕಟ್ಟಡವನ್ನು ಕೆಡವಿದೊಡನೆ ಆ ದಾಖಲೆಯೂ ಅಳಿಯುತ್ತದೆ. ಆದಕಾರಣ ಹಳೆಯ ಮನೆಯೊಂದು ಉರುಳುವ ಮುನ್ನ ಅದನ್ನು ಅಳೆದು, ನಕ್ಷೆ ಬರೆದಿಡುವ ಕಾರ್ಯವನ್ನು ಇತಿಹಾಸದ ವಿದ್ಯಾರ್ಥಿಗಳು ತಮ್ಮ ಅಭ್ಯಾಸದ ಅಂಗವೆಂದು ಭಾವಿಸುವುದು ಅವಶ್ಯಕ.