ಅಡುಗೆಮನೆ ಒಡೆದಾಗ ಹಜಾರಕ್ಕೆ ಬರುವ ಒಲೆ

ಮನೆಯಲ್ಲೇ ಇದ್ದುಕೊಂಡು ಅಡುಗೆಮನೆ ಒಡೆಸಿ ಹೊಸದಾಗಿ ಮಾಡಿಸುವವರು ಮೊಟ್ಟಮೊದಲು ತೀರ್ಮಾನಿಸಬೇಕಾದದ್ದು, ಕೆಲಸ ಮುಗಿಯುವವರೆಗೆ ಅನ್ನ ಎಲ್ಲಿ ಬೇಯಬೇಕು ಎಂಬುದನ್ನು. ಹಳೆಯ ಕಟ್ಟೆ ಕಿತ್ತ ದಿನದಿಂದ ಹೊಸ ಕಟ್ಟೆಯ ಮೇಲೆ ಒಲೆ ಕೂರುವವರೆಗೆ ವಾರಗಳೇ ಹಿಡಿಯುತ್ತವೆ. ಅಷ್ಟು ದಿನ ಹೋಟೆಲ್ ಊಟ ಮಕ್ಕಳಿಗೂ ವಯಸ್ಸಾದವರಿಗೂ ಒಗ್ಗುವುದಿಲ್ಲ. ಗ್ಯಾಸ್ ಒಲೆಯನ್ನೇ ಹಜಾರಕ್ಕೆ ಎತ್ತಿಟ್ಟರಾಯಿತು ಎಂಬುದು ಹೆಚ್ಚಿನವರಿಗೆ ಹೊಳೆಯುವ ಉಪಾಯ. ಅದು ಅಪಾಯಕ್ಕೆ ದಾರಿ. ಅಡುಗೆ ಅನಿಲದಲ್ಲಿರುವ ಪ್ರೊಪೇನ್ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ, ಬ್ಯೂಟೇನ್ ಎರಡು ಪಟ್ಟು ಭಾರ. ಹಾಗಾಗಿ ಸೋರಿದ ಅನಿಲ ಮೇಲೇರುವುದಿಲ್ಲ, ನೆಲದ ಮಟ್ಟದಲ್ಲೇ ಹರಡಿಕೊಳ್ಳುತ್ತದೆ. ಅದೇ ನೆಲದ ಮೇಲೆ ಕೂತು ಕೆಲಸಗಾರರು ಕಬ್ಬಿಣದ ಸರಳು ಕತ್ತರಿಸುವಾಗ ಕಟಿಂಗ್ ಮೆಷಿನ್ನಿನಿಂದ ಕಿಡಿ ಹಾರುತ್ತಿರುತ್ತದೆ. ಕೆಲಸ ನಡೆಯುವ ಮನೆಯಲ್ಲಿ ಸಿಲಿಂಡರಿಗೆ ರೆಗ್ಯುಲೇಟರ್ ತೆಗೆದು ಮುಚ್ಚಳ ಹಾಕಿ, ಗಾಳಿಯಾಡುವ ಕಡೆ ನೆಟ್ಟಗೆ ನಿಲ್ಲಿಸಿಡುವುದೇ ಸರಿ. ಕೊಳವೆ ಅನಿಲವಿರುವ ಮನೆಗಳಲ್ಲಂತೂ ಆ ಕೊಳವೆಯನ್ನು ಸರಿಸುವ ಕೆಲಸ ಅನಿಲ ಕಂಪನಿಯವರದ್ದೇ ಹೊರತು ಮನೆಗೆ ಬಂದ ಪ್ಲಂಬರನದ್ದಲ್ಲ.

ಈ ನಡುವಿನ ಕಾಲಕ್ಕೆ ಹೇಳಿ ಮಾಡಿಸಿದ ಯಂತ್ರ ಇಂಡಕ್ಷನ್ ಒಲೆ. ಬೆಂಕಿಯಿಲ್ಲ, ಹೊಗೆಯಿಲ್ಲ, ಎಲ್ಲಿಗೆ ಬೇಕಾದರೂ ಎತ್ತಿಕೊಂಡು ಹೋಗಬಹುದು. ಆದರೆ ಅದು ಕೆಲಸ ಮಾಡುವ ಬಗೆ ಗೊತ್ತಿಲ್ಲದೆ ತಂದರೆ ಮೊದಲ ದಿನವೇ ಕುಕ್ಕರ್ ಬಿಸಿಯಾಗದೆ, ಫ್ಯೂಸ್ ಹೋಗಿ, ಒಲೆ ಪುನಃ ಪೆಟ್ಟಿಗೆ ಸೇರುತ್ತದೆ.

ಒಲೆಯ ಕಪ್ಪು ಗಾಜಿನ ಹಲಗೆಯನ್ನು ತೆಗೆದು ನೋಡಿದರೆ ಒಳಗೆ ಕಾಣುವುದು ತಾಮ್ರದ ತಂತಿಯ ಒಂದು ಚಪ್ಪಟೆ ಸುರುಳಿ. ಆ ತಂತಿ ಒಂಟಿ ಎಳೆಯದಲ್ಲ. ಕೂದಲಿನಷ್ಟು ತೆಳುವಾದ, ಒಂದೊಂದಕ್ಕೂ ನಿರೋಧಕ ಲೇಪ ಹಚ್ಚಿದ ಹತ್ತಾರು ಎಳೆಗಳನ್ನು ಹೊಸೆದು ಅದನ್ನು ಮಾಡಿರುತ್ತಾರೆ. ಸುರುಳಿಯ ಅಡಿಯಲ್ಲಿ ಫೆರೈಟ್ ಪಟ್ಟಿಗಳಿವೆ. ಕಾಂತಕ್ಷೇತ್ರ ಕೆಳಗೆ ಹರಡಿಹೋಗದಂತೆ ಅವು ಮೇಲಕ್ಕೆ ತಿರುಗಿಸುತ್ತವೆ. ಸುರುಳಿಯ ನಟ್ಟನಡುವೆ ಗಾಜಿಗೆ ತಾಗಿಕೊಂಡು ಒಂದು ಪುಟ್ಟ ತಾಪಸಂವೇದಕ ಇದೆ. ಪಕ್ಕದ ಹಲಗೆಯ ಮೇಲೆ ಅಲ್ಯೂಮಿನಿಯಂ ರೆಕ್ಕೆಗಳಿಗೆ ತಿರುಪು ಹಾಕಿ ಕೂರಿಸಿದ ಐಜಿಬಿಟಿ ಎಂಬ ಸ್ವಿಚ್ಚು, ಅದನ್ನು ತಂಪಾಗಿಡಲು ಒಂದು ಸಣ್ಣ ಫ್ಯಾನು. ಯಂತ್ರವೆಂದರೆ ಇಷ್ಟೇ.

ಗೋಡೆಯಿಂದ ಬರುವ ವಿದ್ಯುತ್ತು 230 ವೋಲ್ಟಿನದು, ಸೆಕೆಂಡಿಗೆ 100 ಸಲ ದಿಕ್ಕು ಬದಲಿಸುವಂಥದ್ದು. ಒಲೆ ಮೊದಲು ಅದನ್ನು ನೇರ ವಿದ್ಯುತ್ತಾಗಿಸುತ್ತದೆ. ಆಮೇಲೆ ಐಜಿಬಿಟಿ ಸೆಕೆಂಡಿಗೆ 20,000ಕ್ಕೂ ಹೆಚ್ಚು ಸಲ ಅದನ್ನು ಕತ್ತರಿಸಿ ಸುರುಳಿಗೆ ಕೊಡುತ್ತದೆ. ಮನುಷ್ಯನ ಕಿವಿಗೆ ಕೇಳುವ ಸದ್ದಿನ ಮೇಲ್ಮಿತಿ ಸುಮಾರು 20,000 ಹರ್ಟ್ಸ್. ಅದರ ಆಚೆಗೆ ಇಟ್ಟರೆ ಒಲೆ ಸಿಳ್ಳೆ ಹೊಡೆಯುವುದಿಲ್ಲ. ಅಷ್ಟು ವೇಗವಾಗಿ ಏರಿಳಿಯುವ ಕಾಂತಕ್ಷೇತ್ರ ಗಾಜನ್ನು ದಾಟಿ ಪಾತ್ರೆಯ ತಳ ತಲುಪುತ್ತದೆ. ಬದಲಾಗುತ್ತಿರುವ ಕಾಂತಕ್ಷೇತ್ರ ಲೋಹದಲ್ಲಿ ವಿದ್ಯುತ್ತನ್ನು ಹುಟ್ಟಿಸುತ್ತದೆ ಎಂಬುದನ್ನು ಮೈಕೆಲ್ ಫ್ಯಾರಡೆ 1831ರಲ್ಲೇ ತೋರಿಸಿಕೊಟ್ಟಿದ್ದ. ಪಾತ್ರೆಯ ತಳದಲ್ಲಿ ಹುಟ್ಟಿದ ಈ ವಿದ್ಯುತ್ತಿಗೆ ಹರಿದುಹೋಗಲು ತಂತಿಯ ದಾರಿಯಿಲ್ಲ. ಹೊಳೆಯ ಸುಳಿಯ ಹಾಗೆ ಅದು ಲೋಹದೊಳಗೇ ಸುತ್ತುತ್ತದೆ. ಲೋಹದ ಪ್ರತಿರೋಧ ಆ ಸುಳಿಯ ಶಕ್ತಿಯನ್ನು ಶಾಖವಾಗಿಸುತ್ತದೆ. ಅಂದರೆ ಇಲ್ಲಿ ಬಿಸಿಯಾಗುವುದು ಪಾತ್ರೆಯೇ. ಗಾಜಿಗೆ ತಗಲುವ ಬಿಸಿ ಪಾತ್ರೆಯಿಂದ ಹಿಂದಿರುಗಿ ಬಂದದ್ದು.

ಜನರಲ್ ಮೋಟಾರ್ಸ್ ಒಡೆತನದಲ್ಲಿದ್ದ ಅಮೆರಿಕದ ಫ್ರಿಜಿಡೇರ್ ಕಂಪನಿ 1950ರ ದಶಕದ ಮಧ್ಯದಲ್ಲಿ ಇಂಥ ಒಲೆಯನ್ನು ಜನರಿಗೆ ತೋರಿಸುವಾಗ ಪಾತ್ರೆಗೂ ಒಲೆಗೂ ನಡುವೆ ವೃತ್ತಪತ್ರಿಕೆ ಇಟ್ಟು ನೀರು ಕುದಿಸಿತ್ತು. ನೋಡಲು ಸೊಗಸಾದ ಪ್ರದರ್ಶನ, ಆದರೆ ಮನೆಯಲ್ಲಿ ಮಾಡತಕ್ಕದ್ದಲ್ಲ. ಎಣ್ಣೆ ಕಾಯಿಸುವ ಬಾಣಲೆಯ ತಳ ಕಾಗದ ಹೊತ್ತಿಕೊಳ್ಳುವಷ್ಟು ಬಿಸಿಯೇರಬಲ್ಲದು. ಒಲೆಯ ಕೆಳಗೆ ಪೇಪರ್ ಹಾಸುವುದೂ ತಪ್ಪು, ಫ್ಯಾನು ಗಾಳಿ ಎಳೆಯುವ ಕಿಂಡಿಗಳು ಇರುವುದೇ ಅಲ್ಲಿ.

ಎಲ್ಲ ಪಾತ್ರೆಯೂ ಈ ಒಲೆಗೆ ಒಗ್ಗದಿರಲು ಕಾರಣ ಲೋಹಗಳ ಗುಣದಲ್ಲಿದೆ. ವೇಗವಾಗಿ ಏರಿಳಿಯುವ ವಿದ್ಯುತ್ತು ಲೋಹದ ಆಳಕ್ಕೆ ಇಳಿಯದೆ ಮೈಮೇಲಿನ ತೆಳುಪದರದಲ್ಲೇ ಹರಿಯುತ್ತದೆ. ಆಯಸ್ಕಾಂತಕ್ಕೆ ಅಂಟುವ ಕಬ್ಬಿಣ, ಉಕ್ಕುಗಳಲ್ಲಿ ಈ ಪದರ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು. ಅಷ್ಟು ಇಕ್ಕಟ್ಟಿನಲ್ಲಿ ಹರಿಯುವಾಗ ಪ್ರತಿರೋಧ ಹೆಚ್ಚು, ಶಾಖವೂ ಹೆಚ್ಚು. ಅಲ್ಯೂಮಿನಿಯಂನಲ್ಲಿ ಆ ಪದರ ಅರ್ಧ ಮಿಲಿಮೀಟರಿನಷ್ಟು ದಪ್ಪ, ಜೊತೆಗೆ ಅದು ಒಳ್ಳೆಯ ವಾಹಕ. ಹಾಗಾಗಿ ಅದರ ಮೈಯ ಪ್ರತಿರೋಧ ಉಕ್ಕಿನದಕ್ಕಿಂತ ಹತ್ತಾರು ಪಟ್ಟು ಕಡಿಮೆ. ತಾಮ್ರದ ಕಥೆಯೂ ಹೀಗೇ. ಒಲೆ ಇಂಥ ಪಾತ್ರೆಯನ್ನು ಗುರುತಿಸಿ, ಚಾಲೂ ಆಗದೆ ಕೀ ಕೀ ಎಂದು ಸದ್ದು ಮಾಡಿ ಸುಮ್ಮನಾಗುತ್ತದೆ.

ಹಳೆಯ ಅಲ್ಯೂಮಿನಿಯಂ ಕುಕ್ಕರ್, ಹಿಂಡಾಲಿಯಂ ಬಾಣಲೆ, ತಾಮ್ರದ ತಪ್ಪಲೆ, ಮಣ್ಣಿನ ಮಡಕೆ, ಸಾರಿಗೆ ವಿಶೇಷ ರುಚಿ ಕೊಡುವ ಬಳಪದ ಕಲ್ಲಿನ ಮರಿಗೆ, ಇವೆಲ್ಲ ಕೆಲಸ ಮುಗಿಯುವವರೆಗೆ ಡಬ್ಬದೊಳಗೆ ಇರಬೇಕಾದವು. ಸ್ಟೀಲ್ ಪಾತ್ರೆ ಎಂದ ಮಾತ್ರಕ್ಕೆ ನಡೆಯುತ್ತದೆ ಎಂದೂ ಹೇಳಲಾಗದು. ನಿಕ್ಕಲ್ ಬೆರೆಸಿದ 304 ದರ್ಜೆಯ ಸ್ಟೀಲಿಗೆ ಆಯಸ್ಕಾಂತ ಅಂಟುವುದಿಲ್ಲ, 430 ದರ್ಜೆಯದಕ್ಕೆ ಅಂಟುತ್ತದೆ. ಇಂಡಕ್ಷನ್ನಿಗೆಂದೇ ಮಾಡಿದ ಕುಕ್ಕರುಗಳ ತಳಕ್ಕೆ ಇಂಥ ಕಾಂತೀಯ ಉಕ್ಕಿನ ಬಿಲ್ಲೆ ಕೂರಿಸಿರುತ್ತಾರೆ. ಫ್ರಿಜ್ಜಿನ ಬಾಗಿಲ ಮೇಲಿನ ಆಯಸ್ಕಾಂತವೊಂದನ್ನು ಕೈಯಲ್ಲಿ ಹಿಡಿದು ಪಾತ್ರೆಗಳ ತಳಕ್ಕೆ ತಾಗಿಸುತ್ತ ಹೋದರೆ ಯಾವುದು ಹಜಾರಕ್ಕೆ, ಯಾವುದು ಅಟ್ಟಕ್ಕೆ ಎಂಬುದು ಗೊತ್ತಾಗುತ್ತದೆ. ಅಡುಗೆಮನೆಯ ಸಾಮಾನು ಕಟ್ಟುವ ಮೊದಲೇ ಈ ಕೆಲಸ ಮುಗಿಯಬೇಕು. ಎಲ್ಲವನ್ನೂ ರಟ್ಟಿನ ಪೆಟ್ಟಿಗೆಗೆ ತುಂಬಿ ಟೇಪ್ ಅಂಟಿಸಿದ ಮೇಲೆ ಆ ಪರೀಕ್ಷೆಗೆ ಅರ್ಥವಿಲ್ಲ.

ದೋಸೆಯ ಕಬ್ಬಿಣದ ಕಾವಲಿ ಆಯಸ್ಕಾಂತದ ಪರೀಕ್ಷೆಯಲ್ಲಿ ಸಲೀಸಾಗಿ ತೇರ್ಗಡೆಯಾಗುತ್ತದೆ. ಆದರೂ ಮೊದಲ ದೋಸೆ ಬಹಳ ಸಲ ಕೆಡುತ್ತದೆ. ಸುರುಳಿ ಇರುವುದು ಬಳೆಯ ಆಕಾರದಲ್ಲಿ, ಅದರ ಅಗಲವೂ ಸಾಮಾನ್ಯವಾಗಿ 20 ಸೆಂಟಿಮೀಟರ್ ಮೀರುವುದಿಲ್ಲ. ಶಾಖ ಹುಟ್ಟುವುದು ಆ ಬಳೆಯ ನೇರಕ್ಕೆ ಮಾತ್ರ. ಕಬ್ಬಿಣ ಶಾಖವನ್ನು ನಿಧಾನವಾಗಿ ಹರಡುವುದರಿಂದ, ಕಾವಲಿ ಇಟ್ಟ ಕೂಡಲೇ ಹೆಚ್ಚಿನ ಉರಿ ಕೊಟ್ಟರೆ ದೋಸೆಯಲ್ಲಿ ಕಂದು ಉಂಗುರವೊಂದು ಮೂಡಿ ಅಂಚು ಬಿಳಿಯಾಗಿಯೇ ಉಳಿಯುತ್ತದೆ. ಮಧ್ಯಮ ಶಕ್ತಿಯಲ್ಲಿ ನಾಲ್ಕೈದು ನಿಮಿಷ ಕಾಯಿಸಿ ಆಮೇಲೆ ಹಿಟ್ಟು ಹುಯ್ಯುವುದು ಇದಕ್ಕೆ ಮದ್ದು.

ಹಾಲಿನದು ಬೇರೆ ತಕರಾರು. ಉರಿ ಸಣ್ಣದು ಮಾಡಿದರೂ ಹಾಲು ಒಮ್ಮೆ ಉಕ್ಕಿ ಬಂದು, ಒಮ್ಮೆ ಕೆಳಗಿಳಿದು, ಮತ್ತೆ ಉಕ್ಕುತ್ತದೆ. ಅಗ್ಗದ ಒಲೆಗಳ ಸ್ವಿಚ್ಚು ತೀರ ಕಡಿಮೆ ಶಕ್ತಿಯಲ್ಲಿ ನಿರಂತರವಾಗಿ ಓಡಲಾರದು. 300 ವ್ಯಾಟ್ ಎಂದು ತೋರಿಸುವಾಗ ಅದು ನಿಜವಾಗಿ ಕೆಲವು ಸೆಕೆಂಡು 1000 ವ್ಯಾಟಿನ ಆಸುಪಾಸಿನಲ್ಲಿ ಓಡಿ, ಕೆಲವು ಸೆಕೆಂಡು ನಿಂತು, ಸರಾಸರಿಯನ್ನು 300ಕ್ಕೆ ತರುತ್ತದೆ. ಹಾಲಿಗೆ ದಪ್ಪ ತಳದ ಪಾತ್ರೆ ಬೇಕೆನ್ನುವುದು ಇದೇ ಕಾರಣಕ್ಕೆ, ದಪ್ಪ ತಳ ಈ ಏರಿಳಿತವನ್ನು ನುಂಗಿಕೊಳ್ಳುತ್ತದೆ. ಜೋಳದ ರೊಟ್ಟಿಯನ್ನು ಕೆಂಡದ ಮೇಲೋ ಉರಿಯ ಮೇಲೋ ಉಬ್ಬಿಸುವುದು, ಬದನೆಕಾಯಿ ಸುಡುವುದು, ಹಪ್ಪಳ ಸುಡುವುದು ಈ ಒಲೆಯಿಂದ ಸಾಧ್ಯವಿಲ್ಲ. ಮುದ್ದೆಯ ಹಿಟ್ಟು ಬೇಯಿಸಬಹುದು, ಆದರೆ ಕೋಲಿನಿಂದ ತಿರುವುವಾಗ ಪಾತ್ರೆಯನ್ನು ನೆಲಕ್ಕೆ ಇಳಿಸಿಕೊಳ್ಳಬೇಕು. ಆ ಒತ್ತಡ ಗಾಜಿನ ಮೇಲೆ ಬೀಳಬಾರದು.

ದಕ್ಷತೆಯ ಲೆಕ್ಕದಲ್ಲಿ ಈ ಒಲೆಗೆ ಸಾಟಿಯಿಲ್ಲ. ಭಾರತೀಯ ಮಾನಕದ ಪ್ರಕಾರ ಮನೆಬಳಕೆಯ ಗ್ಯಾಸ್ ಒಲೆಯ ಉಷ್ಣ ದಕ್ಷತೆ ಕನಿಷ್ಠ ಶೇ. 68 ಇರಬೇಕು. ಇಂಡಕ್ಷನ್ ಒಲೆಯದು ಶೇ. 85ರ ಸುತ್ತಮುತ್ತ. ಒಂದು ಲೀಟರ್ ನೀರನ್ನು 25 ಡಿಗ್ರಿಯಿಂದ 100 ಡಿಗ್ರಿಗೆ ಏರಿಸಲು 314 ಕಿಲೊಜೂಲ್ ಶಾಖ ಬೇಕು. 2000 ವ್ಯಾಟಿನ ಒಲೆ ಇದನ್ನು ಮೂರು ನಿಮಿಷ ಚಿಲ್ಲರೆಯಲ್ಲಿ ಮುಗಿಸುತ್ತದೆ. ಖರ್ಚಾಗುವುದು ಒಂದು ಯೂನಿಟ್ಟಿನ ಹತ್ತನೇ ಒಂದು ಭಾಗ.

ಹಜಾರದ ಮೂಲೆಯಲ್ಲಿ ತಾತ್ಕಾಲಿಕ ಅಡುಗೆಮನೆ ಹೂಡುವಾಗ ಬಹುತೇಕರು ಎಡವುವುದು ವಿದ್ಯುತ್ತಿನ ವಿಷಯದಲ್ಲಿ. 2000 ವ್ಯಾಟನ್ನು 230 ವೋಲ್ಟಿನಿಂದ ಭಾಗಿಸಿದರೆ ಸುಮಾರು 8.7 ಆಂಪಿಯರ್. ಟಿವಿ, ಮೊಬೈಲ್ ಚಾರ್ಜರಿಗೆಂದು ಹಾಕಿಸಿದ ಸಣ್ಣ ಸಾಕೆಟ್ಟಿನ ಮಿತಿ 6 ಆಂಪಿಯರ್. ಅದಕ್ಕೆ ಮಾರ್ಪಾಟು ಪ್ಲಗ್ ಚುಚ್ಚಿ ಈ ಒಲೆ ಓಡಿಸಿದರೆ ಸಾಕೆಟ್ ಒಳಗೊಳಗೇ ಕಾದು ಕರಗುತ್ತದೆ. ಬೇಕಾದದ್ದು 16 ಆಂಪಿಯರಿನ ದೊಡ್ಡ ಪಾಯಿಂಟು, ಅದರ ಹಿಂದೆ 2.5 ಚದರ ಮಿಲಿಮೀಟರಿನ ತಂತಿ. ಅಡುಗೆಮನೆ ಬಿಟ್ಟರೆ ಇಂಥ ಪಾಯಿಂಟು ಇರುವುದು ಎಸಿ, ವಾಷಿಂಗ್ ಮೆಷಿನ್ ಅಥವಾ ಇಸ್ತ್ರಿಗೆಂದು ಬಿಟ್ಟ ಜಾಗದಲ್ಲಿ. ತಾತ್ಕಾಲಿಕ ಅಡುಗೆಯ ಮೇಜು ಅಲ್ಲಿಗೇ ಹೋಗಬೇಕು. ಒಂದೇ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ ಈ ಒಲೆಯನ್ನೂ 1500 ವ್ಯಾಟಿನ ಕೆಟಲನ್ನೂ ಒಟ್ಟಿಗೆ ಹಾಕಿದರೆ ಹೊರೆ 15 ಆಂಪಿಯರ್ ದಾಟುತ್ತದೆ. ಮಿಕ್ಸಿಯೂ ಸೇರಿಕೊಂಡರೆ ಎಂಸಿಬಿ ಬೀಳುವ ಸಂಭವವಿದೆ. ಅದೇ ಹೊತ್ತಿಗೆ ಟೈಲ್ಸ್ ಕೆಲಸದವರ ಕಟಿಂಗ್ ಮೆಷಿನ್ ಬೇರೆ ಓಡುತ್ತಿರುತ್ತದೆ. ಮನೆಗೆ ಮಂಜೂರಾದ ಲೋಡ್ ಎಷ್ಟು ಕಿಲೊವ್ಯಾಟ್ ಎಂಬುದು ಕರೆಂಟ್ ಬಿಲ್ಲಿನಲ್ಲೇ ಅಚ್ಚಾಗಿರುತ್ತದೆ. ಕೆಲಸ ಶುರುವಾಗುವ ಮುನ್ನ ಅದನ್ನೊಮ್ಮೆ ನೋಡಿಕೊಳ್ಳುವುದು ಲೇಸು. ನೀರು ಒದ್ದೆ ಇದ್ದೇ ಇರುವ ಜಾಗವಾದ್ದರಿಂದ 30 ಮಿಲಿಆಂಪಿಯರ್ ಸೋರಿಕೆಗೆ ಕಡಿದುಹೋಗುವ ಆರ್‌ಸಿಸಿಬಿ ಇರಲೇಬೇಕು. ಪೇಸ್‌ಮೇಕರ್ ಹಾಕಿಸಿಕೊಂಡವರು ಚಾಲೂ ಇರುವ ಇಂಡಕ್ಷನ್ ಒಲೆಯಿಂದ ಕನಿಷ್ಠ 60 ಸೆಂಟಿಮೀಟರ್ ದೂರ ಇರಬೇಕು.

ಎರಡನೆಯ ಶತ್ರು ದೂಳು. ಗ್ರಾನೈಟ್ ಕತ್ತರಿಸುವಾಗ ಏಳುವ ದೂಳಿನಲ್ಲಿ ಸ್ಫಟಿಕ ರೂಪದ ಸಿಲಿಕ ಇರುತ್ತದೆ. ಮನುಷ್ಯನಲ್ಲಿ ಕ್ಯಾನ್ಸರ್ ಉಂಟುಮಾಡುವುದು ಖಚಿತವಾದ ವಸ್ತುಗಳ ಪಟ್ಟಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ ಅದನ್ನು ಇರಿಸಿದೆ. ಇಷ್ಟು ಗೊತ್ತಿದ್ದೂ ಮನೆಯೊಳಗೆ ಒಣಗಲ್ಲು ಕತ್ತರಿಸಲು ಬಿಡುವುದು ಮನೆಯವರಿಗೂ ಕೆಲಸಗಾರರಿಗೂ ಮಾಡುವ ಅನ್ಯಾಯ. ಕತ್ತರಿಸುವ ಕೆಲಸ ಮನೆಯ ಹೊರಗೆ, ಅಲಗಿಗೆ ನೀರು ಹಾಯಿಸುತ್ತ, ಮುಖಕ್ಕೆ ಸರಿಯಾದ ಮಾಸ್ಕ್ ಹಾಕಿಕೊಂಡು ನಡೆಯಬೇಕು ಎಂದು ಮೇಸ್ತ್ರಿಯ ಜೊತೆ ಮೊದಲೇ ಮಾತಾಡಿಕೊಳ್ಳಬೇಕು. ಇಂಡಕ್ಷನ್ ಒಲೆಗೂ ಈ ದೂಳು ಆಗಿಬರುವುದಿಲ್ಲ. ಅಡಿಯ ಫ್ಯಾನು ನೆಲಮಟ್ಟದ ಗಾಳಿಯನ್ನು ಒಳಗೆಳೆದುಕೊಂಡು ಐಜಿಬಿಟಿಯ ಲೋಹದ ರೆಕ್ಕೆಗಳ ಮೇಲೆ ಬೀಸುತ್ತದೆ. ರೆಕ್ಕೆಗಳ ನಡುವೆ ದೂಳು ಕೂತರೆ ಸ್ವಿಚ್ಚಿನ ಶಾಖ ಹೊರಹೋಗದೆ ಒಲೆ ಅಡುಗೆಯ ನಡುವೆಯೇ ನಿಂತುಬಿಡುತ್ತದೆ. ಆದ್ದರಿಂದ ಒಲೆ ನೆಲದಿಂದ ಎತ್ತರದ ಮೇಜಿನ ಮೇಲಿರಲಿ. ಹಿಂದೆ, ಪಕ್ಕದಲ್ಲಿ ಗೇಣಿನಷ್ಟಾದರೂ ಜಾಗ ಬಿಟ್ಟಿರಲಿ. ಅಡುಗೆಮನೆಯ ಬಾಗಿಲಿಗೆ ಮೇಲಿನಿಂದ ನೆಲದವರೆಗೆ ದಪ್ಪ ಪ್ಲಾಸ್ಟಿಕ್ ಹಾಳೆ ಇಳಿಬಿಟ್ಟು, ಒಳಗಿನ ಎಕ್ಸಾಸ್ಟ್ ಫ್ಯಾನನ್ನು ಕೊನೆಯವರೆಗೂ ಓಡುವಂತೆ ಉಳಿಸಿಕೊಂಡರೆ ದೂಳಿನ ಬಹುಪಾಲು ಹೊರಕ್ಕೇ ಹೋಗುತ್ತದೆ.

ಹಜಾರದ ಅಡುಗೆ ಎಷ್ಟು ದಿನ ಎಂಬುದನ್ನು ತೀರ್ಮಾನಿಸುವುದು ಸಿಮೆಂಟು. ಒಡೆಯುವ ಕೆಲಸ ಎರಡು ಮೂರು ದಿನದಲ್ಲಿ ಮುಗಿಯುತ್ತದೆ, ಆದರೆ ಹೊಸ ಪ್ಲಾಸ್ಟರಿಗೆ ವಾರವಾದರೂ ನೀರುಣಿಸಬೇಕು. ಕಟ್ಟೆಗೆ ಕಾಂಕ್ರೀಟ್ ಹಲಗೆ ಹಾಕಿದರೆ, ಈಗ ಹೆಚ್ಚಾಗಿ ಸಿಗುವ ಪಿಪಿಸಿ ಸಿಮೆಂಟಿಗೆ ಕನಿಷ್ಠ 10 ದಿನ ಕ್ಯೂರಿಂಗ್ ಬೇಕು. ಸಿಮೆಂಟು ಗಟ್ಟಿಯಾಗುವುದು ನೀರಿನೊಡನೆ ನಡೆಸುವ ರಾಸಾಯನಿಕ ಕ್ರಿಯೆಯಿಂದ. ಬೇಗ ಒಣಗಿಸಲು ಫ್ಯಾನು ಹಚ್ಚಿಟ್ಟರೆ ಆ ಕ್ರಿಯೆ ಅರ್ಧಕ್ಕೇ ನಿಂತು ಬಿರುಕು ಬಿಡುತ್ತದೆ. ಹಸಿ ಗೋಡೆಗೆ ಪ್ಲೈವುಡ್ ಕಪಾಟು ತಾಗಿಸಿದರೆ ತೇವ ಕುಡಿದು ಉಬ್ಬುತ್ತದೆ. ಹಾಗಾಗಿ ಬಡಗಿ ಬೇಗ ಬಂದಷ್ಟೂ ಕೆಲಸ ಕೆಡುವ ಸಂಭವ ಹೆಚ್ಚು.

ಪ್ಲಾಸ್ಟರಿಗೂ ಮುಂಚೆ, ಗೋಡೆ ಕೊರೆದು ಪೈಪು ಹೂಳುವ ಹಂತದಲ್ಲಿ ಆಗಬೇಕಾದ ಒಂದು ಕೆಲಸ ಇದೇ ಒಲೆಗೆ ಸಂಬಂಧಿಸಿದ್ದು. ಮೂರು ನಾಲ್ಕು ವಾರ ಇಂಡಕ್ಷನ್ ಬಳಸಿದ ಮನೆಗಳಲ್ಲಿ ಹಲವರು ಮುಂದೆಯೂ ಅದನ್ನು ಗ್ಯಾಸಿನ ಪಕ್ಕದಲ್ಲಿ ಇಟ್ಟುಕೊಳ್ಳಲು ಬಯಸುತ್ತಾರೆ. ಒಂದು ಸುರುಳಿಯ ಒಲೆಗಾದರೆ ಕಟ್ಟೆಯ ಮೇಲೆ ಅದರದೇ 16 ಆಂಪಿಯರ್ ಪಾಯಿಂಟು ಸಾಕು. ಗ್ರಾನೈಟ್ ಕೊರೆದು ಕೂರಿಸುವ ನಾಲ್ಕು ಸುರುಳಿಯ ಒಲೆ 7 ಕಿಲೊವ್ಯಾಟಿನವರೆಗೂ ಎಳೆಯುತ್ತದೆ, ಅಂದರೆ 30 ಆಂಪಿಯರ್. ಅದಕ್ಕೆ ಮೀಟರ್ ಬೋರ್ಡಿನಿಂದಲೇ 6 ಚದರ ಮಿಲಿಮೀಟರಿನ ಪ್ರತ್ಯೇಕ ಲೈನು ಬರಬೇಕು. ಈಗಲೇ ಆ ಒಲೆ ಕೊಳ್ಳುವ ಯೋಚನೆ ಇಲ್ಲದವರೂ ಗೋಡೆಯೊಳಗೆ ಒಂದು ಖಾಲಿ ಪೈಪು ಹೂಳಿಸಿಡಲಿ. ಟೈಲ್ಸ್ ಅಂಟಿಸಿದ ಮೇಲೆ ಆ ಲೈನು ಎಳೆಯಲು ಗೋಡೆಯನ್ನು ಮತ್ತೆ ಒಡೆಯುವುದು ಬಿಟ್ಟು ಬೇರೆ ದಾರಿಯಿಲ್ಲ.